ಬಣ್ಣ ಆಮೇಲೆ, ಮೊದಲು ತಿಳಿ–ಕಡು: ಕೌದಿಗೆ ಬಟ್ಟೆ ಆರಿಸುವಾಗ

ಕುಂಕುಮ ಕೆಂಪು, ಎಲೆಹಸಿರು, ನೇವಿ ಬ್ಲೂ. ಅಂಗಡಿಯ ಮೇಜಿನ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದಕ್ಕಿಂತ ಒಂದು ಚಂದ. ಅವನ್ನೇ ಎರಡೂವರೆ ಇಂಚಿನ ಚೌಕ ಮಾಡಿ, ನಕ್ಷೆಯ ಪ್ರಕಾರ ಹೊಲಿದು, ಮಂಚದ ಮೇಲೆ ಹಾಸಿ ಬಾಗಿಲಲ್ಲಿ ನಿಂತು ನೋಡಿ. ನಕ್ಷತ್ರವೂ ಇಲ್ಲ, ಚೌಕಳಿಯೂ ಇಲ್ಲ, ಎಲ್ಲ ಕಲೆಸಿ ಒಂದೇ ಕಪ್ಪು. ಹೊಲಿಗೆಯಲ್ಲಿ ತಪ್ಪಿಲ್ಲ, ಬಣ್ಣಗಳೂ ಕೆಟ್ಟವಲ್ಲ. ಮೂರು ಬಟ್ಟೆಗಳೂ ಒಂದೇ ಮಟ್ಟದ ಕಡು, ಅಷ್ಟೇ. ಹತ್ತಿರದಿಂದ ಕಣ್ಣು ಬಣ್ಣದ ವ್ಯತ್ಯಾಸ ಹಿಡಿಯುತ್ತದೆ. ಎಂಟು ಹತ್ತು ಅಡಿ ದೂರ ಹೋದ ಮೇಲೆ ನಕ್ಷೆ ಎದ್ದು ಕಾಣುವುದು ತಿಳಿ–ಕಡುವಿನ ಅಂತರದಿಂದಲೇ. ಕ್ವಿಲ್ಟ್ ಹೊಲಿಯುವವರು ವ್ಯಾಲ್ಯೂ ಎನ್ನುವುದು ಇದಕ್ಕೆ.

ಹಾಗಾಗಿ ಬಣ್ಣ ಹೊಂದುತ್ತದೋ ಇಲ್ಲವೋ ಎಂಬ ಚಿಂತೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಯಾವ ತುಂಡು ತಿಳಿ, ಯಾವುದು ನಡು, ಯಾವುದು ಕಡು ಎಂದು ಮೊದಲು ವಿಂಗಡಿಸಿ. ಅದು ಸರಿಯಿದ್ದರೆ ಹೊಂದುವುದಿಲ್ಲ ಎಂದುಕೊಂಡ ಬಣ್ಣಗಳೂ ಒಟ್ಟಿಗೆ ಬಾಳುತ್ತವೆ. ಅದು ತಪ್ಪಿದರೆ ಎಷ್ಟು ದುಬಾರಿ ಬಟ್ಟೆ ತಂದರೂ ನಕ್ಷೆ ಕಾಣುವುದಿಲ್ಲ.

ಮೊದಲೇ ತಿಳಿದಿರಬೇಕಾದ್ದು, ಯಾವ ಬಟ್ಟೆಯೂ ತನ್ನಷ್ಟಕ್ಕೆ ತಿಳಿಯೂ ಅಲ್ಲ, ಕಡುವೂ ಅಲ್ಲ. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಮಾವಿನ ಚಿಗುರಿನ ಬಣ್ಣದ ತುಂಡು ಬಿಳಿ ಮಲ್‌ಮಲ್ ಪಕ್ಕ ಕಡುವಾಗುತ್ತದೆ, ಚಂದ್ರಕಾಳಿ ಸೀರೆಯ ಕಪ್ಪಿನ ಪಕ್ಕ ತಿಳಿಯಾಗುತ್ತದೆ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿ ಬಂದ ರಸಾಯನಶಾಸ್ತ್ರಜ್ಞ ಮಿಷೆಲ್ ಶೆವ್ರೊಲ್ ಎದುರು ಬಂದ ದೂರು ಇಂಥದ್ದೇ: ಕಪ್ಪು ದಾರಕ್ಕೆ ಜೀವವಿಲ್ಲ, ಮಂಕಾಗಿ ಕಾಣುತ್ತದೆ ಎಂದು. ಅವನು ಪರೀಕ್ಷಿಸಿ ನೋಡಿದರೆ ದಾರದಲ್ಲಿ ಏನೂ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಆದ್ದರಿಂದ ಒಂದು ತುಂಡನ್ನು ಕೈಯಲ್ಲಿ ಹಿಡಿದು ಇದು ನಡು ಎಂದು ತೀರ್ಮಾನಿಸಲು ಹೋಗಬೇಡಿ. ಯಾವಾಗಲೂ ಇಡೀ ಗುಂಪಿನ ನಡುವೆ ಇಟ್ಟೇ ನೋಡಿ.

ವಿಂಗಡಿಸುವ ಕೆಲಸಕ್ಕೆ ಹಗಲಿನ ಬೆಳಕು ಬೇಕು, ನೇರ ಬಿಸಿಲು ಬೇಡ. ಉತ್ತರದ ಕಿಟಕಿಯ ಹತ್ತಿರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ ಒಳ್ಳೆಯದು. ಹಳದಿ ಬಲ್ಬಿನ ಕೆಳಗೆ ಕೆನೆಬಣ್ಣ, ತಿಳಿ ಹಳದಿ, ಬಿಳಿ ಮೂರೂ ಒಂದೇ ಆಗುತ್ತವೆ, ನೀಲಿಗಳು ಇದ್ದದ್ದಕ್ಕಿಂತ ಕಪ್ಪಾಗುತ್ತವೆ. ಮುಸ್ಸಂಜೆಯಲ್ಲಂತೂ ಈ ಕೆಲಸ ಬೇಡವೇ ಬೇಡ: ಬೆಳಕು ಇಳಿದಂತೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ–ಹಸಿರುಗಳು ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತವೆ. ಇದು ಕಣ್ಣಿನ ಸ್ವಭಾವ. ಬಟ್ಟೆಯನ್ನು ಎಷ್ಟು ತಿರುಗಿಸಿ ನೋಡಿದರೂ ಪ್ರಯೋಜನವಿಲ್ಲ.

ಎಲ್ಲ ಬಟ್ಟೆಗಳನ್ನೂ ಮಡಿಸಿ, ಒಂದರ ಮೇಲೊಂದು ಏರಿಸಿ, ಪ್ರತಿಯೊಂದರ ಒಂದೇ ಅಳತೆಯ ಅಂಚು, ಎರಡು ಇಂಚಿನಷ್ಟು, ಕಾಣುವ ಹಾಗೆ ಸಾಲಾಗಿ ಜೋಡಿಸಿ. ಒಂದರ ಅಗಲ ಹೆಚ್ಚು ಕಂಡರೆ ಅದೇ ಕಣ್ಣು ಸೆಳೆಯುತ್ತದೆ. ಎದ್ದು ನಿಂತು, ಕಣ್ಣು ಅರೆಮುಚ್ಚಿ, ರೆಪ್ಪೆಯ ಸಂದಿನಿಂದ ನೋಡಿ. ಎರಡು ಬಟ್ಟೆಗಳ ನಡುವಿನ ಗೆರೆ ಅಳಿಸಿಹೋದರೆ ಅವೆರಡರ ವ್ಯಾಲ್ಯೂ ಒಂದೇ. ಒಂದು ತುಂಡು ಮಾತ್ರ ಮಿಣುಕಿದರೆ ಅದು ಸಾಲಿನಲ್ಲಿ ತಪ್ಪು ಜಾಗದಲ್ಲಿದೆ. ಐದು ಮೆಟ್ಟಿಲು ಸಾಕು: ಒಂದು ಎಂದರೆ ಬಿಳಿಗೆ ಹತ್ತಿರ, ಐದು ಎಂದರೆ ಕಪ್ಪಿಗೆ ಹತ್ತಿರ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಿನ್ ಹಾಕಿಬಿಡಿ. ನಾಳೆ ಕತ್ತರಿ ಹಿಡಿದಾಗ ಮತ್ತೆ ಬಣ್ಣದ ಮೋಹಕ್ಕೆ ಬೀಳದಂತೆ ಆ ಚೀಟಿ ಕಾಯುತ್ತದೆ.

ಫೋನಿನ ಕ್ಯಾಮೆರಾ ಬಹಳ ಒಳ್ಳೆಯ ಸಹಾಯಕ, ಆದರೆ ಅದನ್ನು ಬಳಸುವ ಕ್ರಮವಿದೆ. ಒಂದೊಂದೇ ಬಟ್ಟೆಯ ಫೋಟೊ ತೆಗೆದು ಹೋಲಿಸಿದರೆ ಉಪಯೋಗವಿಲ್ಲ. ಕ್ಯಾಮೆರಾ ಪ್ರತಿ ಸಲವೂ ಬೆಳಕನ್ನು ತಾನೇ ಸರಿಹೊಂದಿಸಿ, ಕಡು ಬಟ್ಟೆಯನ್ನು ತಿಳಿ ಮಾಡಿ, ತಿಳಿಯನ್ನು ಮಂಕು ಮಾಡಿ, ಎರಡನ್ನೂ ಒಂದೇ ಬೂದಿಗೆ ತಂದು ನಿಲ್ಲಿಸುತ್ತದೆ. ಎಲ್ಲವೂ ಒಂದೇ ಚೌಕಟ್ಟಿನಲ್ಲಿ, ಒಂದೇ ಬೆಳಕಿನಲ್ಲಿ ಬರಬೇಕು. ಜೊತೆಗೆ ಒಂದು ಬಿಳಿ ಹಾಳೆ, ಒಂದು ಕಪ್ಪು ತುಂಡು ಇಟ್ಟರೆ ಎರಡು ತುದಿಯ ಅಳತೆ ಸಿಗುತ್ತದೆ. ಆಮೇಲೆ ಫೋಟೊವನ್ನು ಕಪ್ಪು–ಬಿಳುಪು ಮಾಡಿ. ಕೆಲವು ಫಿಲ್ಟರುಗಳು ಚಂದಕ್ಕಾಗಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತವೆ, ಅವು ಬೇಡ. ಸಾದಾ ಮೋನೋ ಸಾಕು. ಇನ್ನು ಕೆಲವು ಆ್ಯಪ್‌ಗಳಲ್ಲಿ ಬಣ್ಣ ತೆಗೆಯುವ ಲೆಕ್ಕವೇ ಬೇರೆ, ಅರಿಶಿನ ಹಳದಿಯನ್ನೂ ಹೊಳೆಯುವ ನೀಲಿಯನ್ನೂ ಒಂದೇ ಬೂದಿಯಾಗಿ ತೋರಿಸುತ್ತವೆ. ಪರೀಕ್ಷೆ ಸುಲಭ: ಆ ಎರಡು ಬಟ್ಟೆ ಪಕ್ಕಪಕ್ಕ ಇಟ್ಟು ಫೋಟೊ ತೆಗೆಯಿರಿ. ಹಳದಿ ಸ್ಪಷ್ಟವಾಗಿ ತಿಳಿಯಾಗಿ, ನೀಲಿ ಕಡುವಾಗಿ ಬರಬೇಕು. ಬರದಿದ್ದರೆ ಆ ಆ್ಯಪ್ ಈ ಕೆಲಸಕ್ಕೆ ಆಗುವುದಿಲ್ಲ.

ಈ ಫೋಟೊ ನೋಡಿದಾಗ ಹೆಚ್ಚಿನವರು ಅಚ್ಚರಿಪಡುವುದು ಕೆಂಪಿನ ವಿಷಯದಲ್ಲಿ. ಕುಂಕುಮ, ದಾಳಿಂಬೆ, ರಾಣಿ ಬಣ್ಣಗಳು ತುಂಬ ಕಾಂತಿಯುಳ್ಳವು, ಕಣ್ಣು ಅವನ್ನು ನಡು ಎಂದೋ ತಿಳಿ ಎಂದೋ ಎಣಿಸುತ್ತದೆ. ಫೋಟೊದಲ್ಲಿ ಅವು ಕಡು ಸಾಲಿಗೆ ಹೋಗಿ ಕೂತಿರುತ್ತವೆ. ಇಲ್ಲಿ ಫೋಟೊವನ್ನು ನಂಬಿ. ಕಾಂತಿ ಬೇರೆ, ತಿಳಿತನ ಬೇರೆ. ಇದಕ್ಕೆ ವಿರುದ್ಧ ತುದಿಯಲ್ಲಿ ಹಳದಿ ಇದೆ: ಎಷ್ಟೇ ಗಾಢವಾಗಿ ಬಣ್ಣ ಹಾಕಿದರೂ ಹಳದಿ ಹಳದಿಯಾಗಿಯೇ ಉಳಿಯುವ ತನಕ ಅದು ತಿಳಿಯೇ. ಕಡು ಹಳದಿ ಎಂದು ಹುಡುಕಿದರೆ ಕೈಗೆ ಬರುವುದು ಸಾಸಿವೆ, ಕಂದು, ಇಂಥವು. ನೇರಳೆಯದು ತದ್ವಿರುದ್ಧ; ಅದರ ನಿಜವಾದ ಬಣ್ಣವೇ ಕಡು, ತಿಳಿ ಮಾಡಿದರೆ ಲ್ಯಾವೆಂಡರ್ ಆಗುತ್ತದೆ.

ಕೆಂಪು ಪಾರದರ್ಶಕ ಹಾಳೆಯ ಮೂಲಕ ನೋಡುವ ಪದ್ಧತಿಯೂ ಇದೆ. ಬಣ್ಣಗಳೆಲ್ಲ ಮರೆಯಾಗಿ ತಿಳಿ–ಕಡು ಮಾತ್ರ ಉಳಿಯುತ್ತದೆ ಎಂಬುದು ಅದರ ಉದ್ದೇಶ. ಒಂದೇ ತೊಂದರೆ, ಕೆಂಪು ಹಾಳೆಯಲ್ಲಿ ಕೆಂಪು ಬಟ್ಟೆ ಬಿಳಿಚಿಕೊಳ್ಳುತ್ತದೆ, ಹಸಿರು ಕಪ್ಪಾಗುತ್ತದೆ. ನಮ್ಮ ಕಡೆಯ ಬಟ್ಟೆಗಳಲ್ಲಿ ಕೆಂಪಿಲ್ಲದ ಗಂಟು ಸಿಗುವುದೇ ಅಪರೂಪ. ಕೆಂಪು ಹೆಚ್ಚಿದ್ದರೆ ಹಸಿರು ಹಾಳೆ ಹಿಡಿಯಿರಿ, ಎರಡೂ ಇದ್ದರೆ ಫೋನೇ ಸಾಕು.

ಪ್ರಿಂಟ್ ಬಟ್ಟೆಯಲ್ಲಿ ಲೆಕ್ಕ ಬೇರೆ. ಸಣ್ಣ ಹೂವಿನ ಚಿತ್ತಾರ ದೂರದಿಂದ ನೆಲದ ಬಣ್ಣದೊಂದಿಗೆ ಬೆರೆತು ಒಂದೇ ಆಗುತ್ತದೆ. ಬಿಳಿ ನೆಲದ ಮೇಲೆ ಒತ್ತೊತ್ತಾಗಿ ಕಪ್ಪು ಬಳ್ಳಿ ಇದ್ದರೆ ಅದು ಬಿಳಿ ಬಟ್ಟೆ ಅಲ್ಲ, ನಡು ಬೂದಿ. ದೊಡ್ಡ ಹೂವಿನ ಬಟ್ಟೆ ಇನ್ನೂ ಮೋಸ ಮಾಡುತ್ತದೆ. ಅಂಗಡಿಯ ಸುರುಳಿ ಬಿಚ್ಚಿ ನೋಡಿದಾಗ ಒಂದು ವ್ಯಾಲ್ಯೂ, ಕತ್ತರಿಸಿದಾಗ ಒಂದು ತುಂಡಿನಲ್ಲಿ ಬರೀ ಬಿಳಿ, ಇನ್ನೊಂದರಲ್ಲಿ ಬರೀ ಮರೂನ್ ದಳ. ಇದಕ್ಕೊಂದು ರಟ್ಟಿನ ಕಿಟಕಿ ಮಾಡಿಕೊಳ್ಳಿ: ನಿಮ್ಮ ತುಂಡು ಹೊಲಿದ ಮೇಲೆ ಎಷ್ಟು ಕಾಣುತ್ತದೋ ಅಷ್ಟೇ ಅಳತೆಯ ರಂಧ್ರ. ಎರಡೂವರೆ ಇಂಚಿನ ಚೌಕ ಕತ್ತರಿಸುವುದಾದರೆ ಸುತ್ತ ಕಾಲು ಇಂಚು ಹೊಲಿಗೆಗೆ ಹೋಗಿ ಎರಡು ಇಂಚು ಉಳಿಯುತ್ತದೆ, ರಂಧ್ರವೂ ಎರಡು ಇಂಚು. ಅದನ್ನು ಬಟ್ಟೆಯ ಮೇಲೆ ಹತ್ತು ಕಡೆ ಸರಿಸಿ ನೋಡಿ. ಹತ್ತೂ ಕಡೆ ಒಂದೇ ಮಟ್ಟ ಕಂಡರೆ ಧೈರ್ಯವಾಗಿ ಕತ್ತರಿಸಿ. ಒಂದು ಕಡೆ ಒಂದನೆಯದೋ ಎರಡನೆಯದೋ ಮೆಟ್ಟಿಲು, ಇನ್ನೊಂದು ಕಡೆ ನಾಲ್ಕನೆಯದು ಬಂದರೆ ಆ ಬಟ್ಟೆಯನ್ನು ನಕ್ಷೆಯ ಗೆರೆ ಕಾಯುವ ಜಾಗಕ್ಕೆ ಹಾಕಬೇಡಿ. ಅಂಚಿನ ಪಟ್ಟಿಗೆ, ಹಿಂಬದಿಗೆ ಇಟ್ಟುಕೊಳ್ಳಿ.

ಗುಳೇದಗುಡ್ಡದ ಖಣವನ್ನು ತುಂಡುಗಳಲ್ಲಿ ಸೇರಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಅದರಲ್ಲಿ ಹೊಳಪಿನ ನೂಲಿನ ಬುಟ್ಟಾ ಇರುತ್ತದೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಸೀರೆಗಳದ್ದೂ ಇದೇ ಕತೆ. ಒಂದು ದಿಕ್ಕಿನಲ್ಲಿ ಹಿಡಿದರೆ ಬೆಳಕು ಹಿಂದಕ್ಕೆ ಬಂದು ತಿಳಿಯಾಗಿ ಕಾಣುತ್ತದೆ, ಕಾಲು ಸುತ್ತು ತಿರುಗಿಸಿದರೆ ಒಂದು ಮೆಟ್ಟಿಲು ಕಡು. ಅರ್ಧ ತುಂಡು ಉದ್ದಕ್ಕೆ, ಅರ್ಧ ಅಡ್ಡಕ್ಕೆ ಕತ್ತರಿಸಿ ಬೆರೆಸಿಬಿಟ್ಟರೆ ಒಂದೇ ಬಟ್ಟೆ ಎರಡಾಗಿ ಕಾಣುತ್ತದೆ. ಕತ್ತರಿಸುವ ಮೊದಲು ಹಿಂಬದಿಯಲ್ಲಿ ಚಾಕ್‌ನಿಂದ ಹಾಸಿನ ದಿಕ್ಕಿಗೆ ಒಂದೊಂದು ಬಾಣದ ಗುರುತು ಹಾಕಿ, ಎಲ್ಲ ತುಂಡೂ ಒಂದೇ ಮುಖವಾಗಿ ಹೊಲಿಯಿರಿ.

ಇನ್ನು ಖರೀದಿ. ಬ್ಲೌಸ್ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರ್‌ಗಿಂತ ಒಳ್ಳೆಯ ಜಾಗ ಈ ಕೆಲಸಕ್ಕೆ ಇಲ್ಲ. ಸಾದಾ ಬಟ್ಟೆಯ ನೂರಾರು ಶೇಡ್ ಗೋಡೆಗೆ ಸಾಲಾಗಿ ಇರುತ್ತವೆ, ಒಂದೇ ಬಣ್ಣದ ಐದಾರು ಮೆಟ್ಟಿಲು ಪಕ್ಕಪಕ್ಕ ಸಿಗುತ್ತದೆ. ಆದರೆ ಕೇಳಿ ತಿಳಿದುಕೊಳ್ಳಿ: ಎಲ್ಲವೂ ಅಪ್ಪಟ ಹತ್ತಿಯಲ್ಲ, ಪಾಲಿಯೆಸ್ಟರ್ ಬೆರೆತ ಬಟ್ಟೆ ಮಡಿಕೆ ನಿಲ್ಲದೆ ಹೊಲಿಗೆಯಲ್ಲಿ ಜಾರುತ್ತದೆ. ರುಬಿಯಾ ತೆಳು, ಪಾಪ್ಲಿನ್ ಮತ್ತು ಕೇಂಬ್ರಿಕ್ ತುಂಡು ಜೋಡಿಸಲು ಗಟ್ಟಿ. ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಎಂಬುದನ್ನೂ ಕೇಳಿ, 36 ಮತ್ತು 44 ಇಂಚಿನ ನಡುವೆ ಲೆಕ್ಕ ಸಾಕಷ್ಟು ಬದಲಾಗುತ್ತದೆ.

ಮನೆಯ ಚಿಂದಿಗಂಟು ಬಿಚ್ಚಿದರೆ ಬಹುಪಾಲು ನಡು ಮತ್ತು ಕಡು. ಸೀರೆ, ಬ್ಲೌಸ್, ಚೂಡಿದಾರ್‌ಗಳಲ್ಲಿ ತಿಳಿ ಬಟ್ಟೆ ಕಡಿಮೆ. ಕೊರತೆ ಯಾವಾಗಲೂ ಒಂದು ಮತ್ತು ಎರಡನೇ ಮೆಟ್ಟಿಲಿನದು. ಹಳೆ ಧೋತರ, ಬಿಳಿ ಶರ್ಟು, ಒಗೆದು ಒಗೆದು ಬಣ್ಣ ಇಳಿದ ಹತ್ತಿ ಸೀರೆಯ ಒಡಲು, ಇವೇ ಆಗ ಕೈಹಿಡಿಯುವುದು. ಸ್ಕ್ರೀನ್ ಪ್ರಿಂಟ್ ಬಟ್ಟೆಯನ್ನು ತಿರುಗಿಸಿ ನೋಡಿ; ಹಿಂಬದಿ ಸಾಮಾನ್ಯವಾಗಿ ಒಂದು ಮೆಟ್ಟಿಲು ತಿಳಿ, ಅದನ್ನೇ ಮೇಲ್ಮುಖ ಮಾಡಿ ಹೊಲಿಯಲು ಯಾವ ಅಡ್ಡಿಯೂ ಇಲ್ಲ. ಅಂಗಡಿಗೆ ಹೋದಾಗ ಇಷ್ಟವಾದ ನಡು ಬಣ್ಣಗಳ ಕಡೆ ಕೈ ಹೋಗುವುದು ಸಹಜ. ಪಟ್ಟಿ ಮಾಡಿ, ಮೊದಲು ತಿಳಿಯನ್ನು ಕೊಂಡು ಮುಗಿಸಿ.

ಇಷ್ಟೂ ಒಟ್ಟಿಗೆ ಕಲಿಯಲು ಲಾಗ್ ಕ್ಯಾಬಿನ್ ಬ್ಲಾಕ್‌ನಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ತುಂಡುಗಳನ್ನು ಜೋಡಿಸಿ ಹೊಲಿದ ಒಂದೊಂದು ಚೌಕಕ್ಕೆ ಬ್ಲಾಕ್ ಎನ್ನುತ್ತಾರೆ. 19ನೇ ಶತಮಾನದ ಉತ್ತರಾರ್ಧದಿಂದ ಅಮೆರಿಕದಲ್ಲಿ ಮನೆಮನೆಯಲ್ಲಿ ಹೊಲಿದ ನಕ್ಷೆ ಇದು. ನಡುವೆ ಒಂದು ಚೌಕ, ರೂಢಿಯಲ್ಲಿ ಕೆಂಪು, ಮನೆಯ ಒಲೆಯ ಬೆಂಕಿ ಎನ್ನುತ್ತಾರೆ. ಸುತ್ತ ಪಟ್ಟಿಗಳು, ಒಂದು ಮೂಲೆಯ ಎರಡು ಬದಿಗೆ ತಿಳಿ, ಎದುರು ಎರಡು ಬದಿಗೆ ಕಡು. ಬ್ಲಾಕ್ ಮುಗಿದಾಗ ಕರ್ಣದ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಬಣ್ಣ ಯಾವುದಾದರೂ ಇರಲಿ, ಈ ಎರಡು ಗುಂಪು ಬೇರೆಯಾಗಿ ನಿಂತರೆ ಮಾತ್ರ ಬ್ಲಾಕ್ ಗೆದ್ದಿತು.

12 ಇಂಚಿನ ಬ್ಲಾಕ್ ಲೆಕ್ಕ ಹೀಗಿದೆ. ನಡುವಿನ ಚೌಕ ಎರಡೂವರೆ ಇಂಚು ಕತ್ತರಿಸಿ, ಪಟ್ಟಿಗಳು ಒಂದೂವರೆ ಇಂಚು ಅಗಲ. ಹೊಲಿದ ಮೇಲೆ ಚೌಕ ಎರಡು ಇಂಚು, ಪಟ್ಟಿ ಒಂದು ಇಂಚು, ಐದು ಸುತ್ತಿಗೆ 12 ಇಂಚು ತುಂಬುತ್ತದೆ. ಪ್ರತಿ ಸುತ್ತನ್ನೂ ತಿಳಿಯಿಂದ ಶುರುಮಾಡಿ ಕಡುವಿನಿಂದ ಮುಗಿಸಿದರೆ 144 ಚದರ ಇಂಚಿನಲ್ಲಿ ತಿಳಿಗೆ 65, ಕಡುವಿಗೆ 75, ನಡುವಿನ ಚೌಕಕ್ಕೆ 4 ಸಿಗುತ್ತದೆ. ಅಂದರೆ ಕಡುವೇ ಸ್ವಲ್ಪ ಹೆಚ್ಚು. ಹಗುರಾದ, ಬೆಳಕಿನ ಹೊದಿಕೆ ಬೇಕಿದ್ದರೆ ಕ್ರಮ ತಿರುಗಿಸಿ, ಕಡುವಿನಿಂದ ಶುರುಮಾಡಿ. 75 ತಿಳಿಗೆ ಹೋಗುತ್ತದೆ. ಆದರೆ ಒಂದು ಬ್ಲಾಕಿಗೆ ಒಂದು ಕ್ರಮ, ಇನ್ನೊಂದಕ್ಕೆ ಇನ್ನೊಂದು ಮಾಡಬೇಡಿ, ಕರ್ಣ ಜೋಡಿಸುವಾಗ ಗೆರೆ ಹಲ್ಲುಹಲ್ಲಾಗುತ್ತದೆ.

16 ಬ್ಲಾಕ್ ಸೇರಿಸಿ 48 ಇಂಚಿನ ಚೌಕ ಹೊದಿಕೆ ಮಾಡುವುದಾದರೆ ಐದು ತಿಳಿ, ಐದು ಕಡು ಬಟ್ಟೆ ತೆಗೆದುಕೊಂಡು ಸುತ್ತಿಗೊಂದರಂತೆ ಬಳಸಿ. 44 ಇಂಚು ಪನ್ನದಲ್ಲಿ ಒಳಗಿನ ಎರಡು ಸುತ್ತಿನ ಬಟ್ಟೆಗಳು ಕಾಲು ಮೀಟರ್, ಹೊರಗಿನ ಮೂರು ಸುತ್ತಿನವು ಅರ್ಧ ಮೀಟರ್ ಸಾಕು. 36 ಇಂಚು ಪನ್ನವಾದರೆ ತೀರಾ ಹೊರಗಿನ ಸುತ್ತಿಗೆ 60 ಸೆಂಟಿಮೀಟರ್ ತನ್ನಿ, ಇಲ್ಲದಿದ್ದರೆ ಕೊನೆಯ ಬ್ಲಾಕಿಗೆ ಬಟ್ಟೆ ಮುಗಿದಿರುತ್ತದೆ. ನಡುವಿನ ಚೌಕಗಳಿಗೆ ಎರಡೂವರೆ ಇಂಚಿನ ಒಂದೇ ಪಟ್ಟಿಯಲ್ಲಿ, 44 ಇಂಚು ಪನ್ನವಿದ್ದರೆ, 16 ಚೌಕ ಬರುತ್ತವೆ.

ಈಗ ವ್ಯಾಲ್ಯೂ. ತಿಳಿ ಗುಂಪಿಗೆ ಒಂದು ಮತ್ತು ಎರಡು, ಕಡು ಗುಂಪಿಗೆ ನಾಲ್ಕು ಮತ್ತು ಐದು. ಮೂರನ್ನು ಪೂರ್ತಿ ಬಿಟ್ಟುಬಿಡಿ. ಇದೊಂದು ನಿಯಮ ಪಾಲಿಸಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಲಾಗ್ ಕ್ಯಾಬಿನ್ ಕೆಡುವುದು ಸಾಮಾನ್ಯವಾಗಿ ಒಂದೇ ಒಂದು ನಡು ಬಟ್ಟೆಯಿಂದ: ತಿಳಿ ಕಡೆಗೆ ಸೇರಿಸಿದ ಪಿಸ್ತಾ ಹಸಿರು ಅಥವಾ ಈರುಳ್ಳಿ ಬಣ್ಣ ಎದುರಿನ ಕಡುವಿನ ಹತ್ತಿರ ಹೋಗಿ, ಕರ್ಣ ಆ ಸುತ್ತಿನಲ್ಲಿ ಕರಗಿಹೋಗುತ್ತದೆ. ಬಿಡಲು ಮನಸ್ಸಿಲ್ಲದ ಬಟ್ಟೆಯಿದ್ದರೆ ಅದನ್ನು ಮೊದಲ ಸುತ್ತಿಗೆ ಹಾಕಿ. ಅಲ್ಲಿ ತಿಳಿಯ ಪಾಲು ಬರೀ ಐದು ಚದರ ಇಂಚು, ತಪ್ಪು ಮುಚ್ಚಿಹೋಗುತ್ತದೆ. ಐದನೇ ಸುತ್ತಿನ ತಿಳಿ 21 ಚದರ ಇಂಚು, ಒಟ್ಟು ತಿಳಿಯ ಮೂರರಲ್ಲೊಂದು ಪಾಲು. ಅದು ಪಕ್ಕದ ಬ್ಲಾಕನ್ನೂ ಮುಟ್ಟುತ್ತದೆ. ಅಲ್ಲಿಗೆ ನಿಮ್ಮ ಅತ್ಯಂತ ಸ್ಪಷ್ಟವಾದ ತಿಳಿ ಬಟ್ಟೆಯೇ ಹೋಗಬೇಕು.

ಬ್ಲಾಕ್‌ಗಳನ್ನು ಹೊಲಿದು ಸೇರಿಸುವ ಮೊದಲು ನೆಲದ ಮೇಲೆ ಹಾಸಿ ತಿರುಗಿಸಿ ನೋಡಿ. ನಡುವಿನ ನಾಲ್ಕರ ತಿಳಿ ಮೂಲೆಗಳು ಒಂದಕ್ಕೊಂದು ಮುಖ ಮಾಡಿದರೆ ಬೆಳಕಿನ ವಜ್ರ, ಅದರ ಸುತ್ತ ಕಡು ಉಂಗುರ, ಮತ್ತೆ ತಿಳಿ. ಈ ಜೋಡಣೆಯ ಹೆಸರು ಬಾರ್ನ್ ರೇಜಿಂಗ್ (Barn Raising). ಒಂದು ಬಿಟ್ಟು ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ನೇಗಿಲ ಸಾಲಿನಂತೆ ಓರೆ ಪಟ್ಟೆಗಳು. ಇಲ್ಲೂ ಒಂದು ಕಪ್ಪು–ಬಿಳುಪು ಫೋಟೊ ತೆಗೆಯಿರಿ. ತಿರುಗಿ ಕೂತ ಒಂದು ಬ್ಲಾಕ್ ಕಣ್ಣಿಗೆ ಬೀಳದಿದ್ದರೂ ಫೋಟೊದಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲ ಕೌದಿಗೂ ಇಷ್ಟು ಅಂತರ ಬೇಕಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳಲ್ಲಿ ಅಳೆದು ಕತ್ತರಿಸಿದ ನಕ್ಷೆ ಇರುವುದಿಲ್ಲ. ಸಿಕ್ಕ ತುಂಡಿನ ಆಕಾರಕ್ಕೆ ತಕ್ಕಂತೆ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಿಸಿದ ತುಂಡಿನ ಅಲಂಕಾರ ಇಡುತ್ತಾರೆ, ಅದಕ್ಕೆ ಫುಲ ಎನ್ನುತ್ತಾರೆ. ಅಲ್ಲಿ ಕಣ್ಣು ಓಡಾಡುವುದು ಬಣ್ಣದ ಕಾಂತಿ ಮತ್ತು ತುಂಡಿನ ಗಾತ್ರದ ಏರಿಳಿತದಲ್ಲಿ. ಆದರೂ ಹತ್ತಿರದಿಂದ ನೋಡಿದರೆ ಪಕ್ಕಪಕ್ಕದ ತುಂಡುಗಳು ಒಂದರಲ್ಲೊಂದು ಮುಳುಗದಂತೆ ತಿಳಿ ತುಂಡೊಂದನ್ನು ಅಲ್ಲಲ್ಲಿ ಇಟ್ಟಿರುವುದು ಕಾಣುತ್ತದೆ. ಅಂಥ ಕೌದಿಯನ್ನು ಅನುಸರಿಸಿ ಹೊಲಿಯುವವರಿಗೆ ಒಂದೇ ಮಾತು: ಅತಿ ಬಿಳಿ ತುಂಡುಗಳನ್ನು ಒಂದೇ ಕಡೆ ಗುಂಪು ಮಾಡಬೇಡಿ, ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹೊಲಿಗೆಯ ದಾರವೂ ವ್ಯಾಲ್ಯೂ ಬದಲಿಸುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಕೌದಿಯ ಮೇಲೆ ಬೆರಳಗಲದ ಅಂತರದಲ್ಲಿ ಸಾಲುಸಾಲು ದಪ್ಪ ದಾರ ಓಡುತ್ತದೆ. ಕಡು ಬಟ್ಟೆಯ ಮೇಲೆ ಬಿಳಿ ದಾರ ಒತ್ತಾಗಿ ಬಂದರೆ ದೂರಕ್ಕೆ ಐದನೇ ಮೆಟ್ಟಿಲು ನಾಲ್ಕಾಗುತ್ತದೆ. ತಿಳಿ ಬಟ್ಟೆಯ ಮೇಲೆ ಕಪ್ಪು ದಾರ ಬಂದರೆ ಒಂದು ಎರಡಾಗುತ್ತದೆ. ಅಂತರ ಉಳಿಯಬೇಕಾದರೆ ನಡು ಬೂದಿ ಬಣ್ಣದ ದಾರ ಹಾಕಿ, ಎರಡರ ಮೇಲೂ ತಣ್ಣಗೆ ಕೂರುತ್ತದೆ.

ತೆಳು ಬಿಳಿ ಬಟ್ಟೆಯ ಅಡಿಯಲ್ಲಿ ಏನಿದೆ ಎಂಬುದೂ ಮುಖ್ಯ. ಒಳಪದರಕ್ಕೆ ಹಳೆಯ ಕಡು ಸೀರೆ ಇಟ್ಟಿದ್ದರೆ ಮೇಲಿನ ಮಲ್‌ಮಲ್ ಬೂದಿಯಾಗುತ್ತದೆ. ಮೇಲ್ಮುಖದ ಕೆಳಗೆ ತಕ್ಷಣ ಒಂದು ಬಿಳಿ ಧೋತರದ ಪದರ ಹಾಕಿ, ಬಣ್ಣದ ಸೀರೆಗಳನ್ನು ಅದರ ಕೆಳಗೆ ಇಡಿ. ಹೊಲಿಗೆಯ ಕಾಲು ಇಂಚನ್ನು ಯಾವಾಗಲೂ ಕಡು ಬಟ್ಟೆಯ ಕಡೆಗೇ ಇಸ್ತ್ರಿ ಮಾಡಿ. ತಿಳಿ ಕಡೆಗೆ ಮಡಿಸಿದರೆ ಅಂಚಿನುದ್ದಕ್ಕೂ ನೆರಳಿನ ಗೆರೆ ಕಾಣುತ್ತದೆ.

ಬಣ್ಣ ಬಿಡುವ ಬಟ್ಟೆ ಎಲ್ಲ ಲೆಕ್ಕವನ್ನೂ ಒಂದೇ ಒಗೆತದಲ್ಲಿ ಕೆಡಿಸುತ್ತದೆ. ಇಂಡಿಗೊ, ಕೆಂಪು ಕಲಂಕಾರಿ, ಮರೂನ್ ಖಣಗಳ ಬಗ್ಗೆ ಎಚ್ಚರ. ತುಂಡೊಂದನ್ನು ನೆನೆಸಿ ಬಿಳಿ ಬಟ್ಟೆಯ ಮೇಲಿಟ್ಟು ಹತ್ತು ನಿಮಿಷ ಒತ್ತಿ, ಬಿಳಿಗೆ ಬಣ್ಣ ಹತ್ತಿದರೆ ಬೇರೆಯಾಗಿ ಒಗೆಯಿರಿ, ನೀರು ತಿಳಿಯಾಗುವ ತನಕ. ಒಗೆದ ಮೇಲೆ ಅದರ ಮೆಟ್ಟಿಲು ಬದಲಾಗಿರಬಹುದು, ಚೀಟಿಯ ಸಂಖ್ಯೆ ಮತ್ತೆ ನೋಡಿ. ಎಷ್ಟು ಒಗೆದರೂ ಬಿಡುತ್ತಲೇ ಇದ್ದರೆ ತಿಳಿ ಬಟ್ಟೆಯ ಜೊತೆ ಸೇರಿಸಬೇಡಿ, ಎಷ್ಟು ಚಂದವಿದ್ದರೂ.

ಅಂಚುಪಟ್ಟಿಯನ್ನು ಕೊನೆಗೆ ಆರಿಸಿ, ಮೇಲ್ಮುಖ ಪೂರ್ತಿ ಮುಗಿದ ಮೇಲೆ. ಎರಡು ಮೂರು ಬಟ್ಟೆ ಮಡಿಸಿ ಅಂಚಿಗೆ ಅರ್ಧ ಇಂಚು ಕಾಣುವಂತೆ ಇಟ್ಟು ದೂರದಿಂದ ನೋಡಿ. ಕಡು ಅಂಚು ಕೌದಿಯನ್ನು ಕಟ್ಟಿ ನಿಲ್ಲಿಸುತ್ತದೆ, ಕೊಳೆಯೂ ಕಾಣುವುದಿಲ್ಲ. ತಿಳಿ ಅಂಚು ಹಾಕುವುದಾದರೆ ಹೊರಗಿನ ತುಂಡುಗಳು ಕಡು ಇರಲಿ, ಇಲ್ಲವಾದರೆ ಅಂಚು ಇದ್ದೂ ಇಲ್ಲದಂತಾಗುತ್ತದೆ. 48 ಇಂಚಿನ ಚೌಕಕ್ಕೆ ಸುತ್ತಳತೆ 192 ಇಂಚು. ಮೂಲೆ ಮತ್ತು ಜೋಡಣೆಗೆ ಸೇರಿ 205 ಇಂಚು ಬೇಕು. 44 ಇಂಚು ಪನ್ನದಲ್ಲಿ ಎರಡೂವರೆ ಇಂಚು ಅಗಲದ ಐದು ಪಟ್ಟಿ ಬರುವಷ್ಟು, ಅಂದರೆ 35 ಸೆಂಟಿಮೀಟರ್ ಬಟ್ಟೆ ತೆಗೆದಿಟ್ಟುಕೊಳ್ಳಿ.